ಕಲೆ ಎಷ್ಟು ಬೆಳೆಯಿತು? ರೆಟಿನಾ ಫೋಟೋ ಮತ್ತು ವರ್ಗಮೂಲದ ಲೆಕ್ಕ

ಶಿವಮೊಗ್ಗದಲ್ಲಿ ನನ್ನ ಜೊತೆ ಆಪ್ಟೋಮೆಟ್ರಿ ಓದುತ್ತಿರುವವರಿಗೆ ಈ ಟಿಪ್ಪಣಿ. ಒಸಿಟಿ (ರೆಟಿನಾದ ಪದರಗಳನ್ನು ಅಡ್ಡ ಕೊಯ್ದಂತೆ ತೋರಿಸುವ ಸ್ಕ್ಯಾನ್), ಆಟೋಫ್ಲೋರೆಸೆನ್ಸ್ (ರೆಟಿನಾ ತಾನೇ ಸೂಸುವ ಹೊಳಪಿನ ಫೋಟೋ) ಹೇಗೆ ತೆಗೆಯುವುದು ಅಂತ ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟಿದ್ದೇನೆ.

ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ (ಇರುಳು ನೋಟ ಮತ್ತು ಅಂಚಿನ ನೋಟ ಮೊದಲು ಹೋಗುವ ವಂಶವಾಹಿ ರೋಗ) ಒಸಿಟಿಯ ಎಲಿಪ್ಸಾಯ್ಡ್ ಝೋನ್ ಗೆರೆಯ, ಅಂದರೆ ಬೆಳಕು ಗ್ರಹಿಸುವ ಕೋಶಗಳ ಗೆರೆಯ, ಉದ್ದ ನೋಡಿ. ವರ್ಷ ಕಳೆದಂತೆ ಅದು ಎರಡೂ ತುದಿಯಿಂದ ಸವೆಯುತ್ತದೆ. ಆಟೋಫ್ಲೋರೆಸೆನ್ಸ್‌ನಲ್ಲಿ ಎಷ್ಟೋ ಜನರಿಗೆ ಮ್ಯಾಕುಲಾ (ರೆಟಿನಾದ ನಡುಭಾಗ) ಸುತ್ತ ಹೊಳೆಯುವ ಉಂಗುರ ಇರುತ್ತದೆ. ಉಂಗುರ ಕಿರಿದಾಯಿತು ಅಂದರೆ ರೋಗ ಮುಂದೆ ಹೋಗಿದೆ. ಸ್ಟಾರ್‌ಗಾರ್ಟ್‌ನಲ್ಲಿ (ನಡುವಿನ ನೋಟ ಮೊದಲು ಹೋಗುವ ಇನ್ನೊಂದು ವಂಶವಾಹಿ ರೋಗ) ಉಲ್ಟಾ, ನಡುವಿನ ಕಪ್ಪು ಕಲೆ ಅಗಲವಾಗುತ್ತದೆ. ಅಲ್ಲಿನ ಆರ್‌ಪಿಇ ಕೋಶಗಳು (ರೆಟಿನಾದ ಹಿಂದಿನ ಆಧಾರ ಪದರ) ಸತ್ತಿರುತ್ತವೆ, ಅವುಗಳೊಳಗಿನ ಹೊಳೆಯುವ ತ್ಯಾಜ್ಯ ಲಿಪೋಫಸಿನ್ ಉಳಿದಿರುವುದಿಲ್ಲ.

ಬರೀ ಚಾರ್ಟ್ ಓದಿಸಿ ಸುಮ್ಮನಾಗಬೇಡಿ. "ಕತ್ತಲಾದ ಮೇಲೆ ತೋಟದಿಂದ ಬರುವಾಗ ಸಂಕ ದಾಟೋಕೆ ಭಯ" ಅನ್ನುವ ರೆಟಿನೈಟಿಸ್ ಪಿಗ್ಮೆಂಟೋಸಾದವರೂ ಚಾರ್ಟ್‌ನಲ್ಲಿ 6/6 (ಪೂರ್ತಿ ಸರಿ ನೋಟ) ಓದಬಹುದು. ನಡುಭಾಗದ ನೋಟ ಸಾಮಾನ್ಯವಾಗಿ ತುಂಬಾ ತಡವಾಗಿ ಹೋಗುವ ರೋಗ ಅದು.

ಈಗ ತಲೆ ಕೆಡಿಸುವ ಭಾಗ. ಸ್ಟಾರ್‌ಗಾರ್ಟ್ ಕಲೆಯ ವಿಸ್ತೀರ್ಣ ಅಳೆದ ಮೇಲೆ ಅದರ ವರ್ಗಮೂಲ ಯಾಕೆ ತೆಗೆಯುತ್ತಾರೆ? ಅಡಿಕೆ ಗರಿಯ ಮೇಲೆ ಎಲೆಚುಕ್ಕಿ ಹರಡುವ ಹಾಗೆ ಈ ಕಲೆಯೂ ಅಂಚಿನಿಂದ ಬೆಳೆಯುತ್ತದೆ. ಅಂಚು ಉದ್ದ ಇದ್ದಷ್ಟೂ ವಿಸ್ತೀರ್ಣ ಜಾಸ್ತಿ ಸೇರುತ್ತದೆ.

ಇಬ್ಬರನ್ನು ತೆಗೆದುಕೊಳ್ಳಿ, ಇಬ್ಬರ ಕಲೆಯೂ ದುಂಡಗಿದೆ. ಮೊದಲಿನವರದ್ದು 1 ಮಿ.ಮೀ. ತ್ರಿಜ್ಯ, ಒಂದು ವರ್ಷಕ್ಕೆ 1.1 ಆಯಿತು. ವಿಸ್ತೀರ್ಣ 3.14ರಿಂದ 3.80 ಚದರ ಮಿ.ಮೀ. ಆಯಿತು, ಹೆಚ್ಚಿದ್ದು 0.66. ಎರಡನೆಯವರದ್ದು 3ರಿಂದ 3.1. ವಿಸ್ತೀರ್ಣ 28.27ರಿಂದ 30.19, ಹೆಚ್ಚಿದ್ದು 1.92. ಎರಡನೆಯವರ ರೋಗ ಮೂರು ಪಟ್ಟು ವೇಗ ಅನ್ನಿಸುತ್ತದೆ, ಅಲ್ವಾ? ಆದರೆ ಅಂಚು ಇಬ್ಬರಲ್ಲೂ ಸರಿದದ್ದು ಅದೇ 0.1 ಮಿ.ಮೀ.

ವರ್ಗಮೂಲ ತೆಗೆದು ನೋಡಿ. ಮೊದಲಿನವರದ್ದು 1.77ರಿಂದ 1.95. ಎರಡನೆಯವರದ್ದು 5.32ರಿಂದ 5.49. ಇಬ್ಬರದ್ದೂ ಸುಮಾರು 0.18. ಶುರುವಿನಲ್ಲಿ ಕಲೆ ಎಷ್ಟು ದೊಡ್ಡದಿತ್ತು ಅನ್ನುವ ಗೊಂದಲ ಲೆಕ್ಕದಿಂದ ಹೋಯಿತು. ಔಷಧಿ ಪರೀಕ್ಷೆಯಲ್ಲಿ ಎರಡು ಗುಂಪು ಹೋಲಿಸುವಾಗ ಇದಿಲ್ಲದಿದ್ದರೆ, ದೊಡ್ಡ ಕಲೆಯವರು ಜಾಸ್ತಿ ಇರುವ ಗುಂಪು ಸುಮ್ನೆ ಸೋತಂತೆ ಕಾಣುತ್ತದೆ.

ಇದಕ್ಕೂ ಒಂದು ಮಿತಿ ಇದೆ. ಒಂದೇ ಕಣ್ಣಲ್ಲಿ ನಾಲ್ಕು ಸಮ ಕಲೆಗಳಿದ್ದು ಎಲ್ಲವೂ 0.1 ಸರಿದರೆ, ಒಟ್ಟು ವಿಸ್ತೀರ್ಣದ ವರ್ಗಮೂಲದ ಏರಿಕೆ ಒಂದೇ ಕಲೆ ಇದ್ದಾಗಿನ ಏರಿಕೆಯ ಎರಡು ಪಟ್ಟು ಆಗುತ್ತದೆ. ಹಾಗಾಗಿ ಕಲೆ ಎಷ್ಟಿವೆ ಅಂತಲೂ ಬರೆದಿಡಿ.

ಮತ್ತೆ ಸ್ಕ್ಯಾನ್ ಮಾಡುವಾಗ ಮಷಿನ್‌ನ ಫಾಲೋ-ಅಪ್ ಮೋಡ್ ಮರೆಯಬೇಡಿ. ರಕ್ತನಾಳಗಳ ಗುರುತು ಹಿಡಿದು ಮಷಿನ್ ಹಳೆಯ ಜಾಗದಲ್ಲೇ ಸ್ಕ್ಯಾನ್ ಮಾಡುತ್ತದೆ. ಬೇರೆ ಕಂಪನಿಯ ಮಷಿನ್‌ನ ಅಳತೆಯನ್ನು ಹಳೆಯ ಅಳತೆಯಿಂದ ನೇರ ಕಳೆಯಬೇಡಿ.