ಆಮ್ನಿಯಾನ್ ಕೋಶಗಳನ್ನು ಜಾಸ್ತಿ ಬೆಳೆಸಬೇಡಿ

ಹೆರಿಗೆಯಾದ ಮೇಲೆ ಹೊರಬರುವ ಮಾಸು ಸಾಮಾನ್ಯವಾಗಿ ಆಸ್ಪತ್ರೆಯ ಹಳದಿ ಚೀಲ ಸೇರುತ್ತದೆ. ಅದರ ಮೇಲೆ, ಮಗುವಿನ ಕಡೆಗೆ, ಬೆಳಕು ದಾಟುವಷ್ಟು ತೆಳ್ಳಗಿನ ಪೊರೆಯೊಂದಿದೆ. ಅದೇ ಆಮ್ನಿಯಾನ್. ಗರ್ಭದ ನೀರಿಗೆ ತಾಗಿಕೊಂಡ ಅದರ ಒಳಮೈಯಲ್ಲಿ ಒಂದೇ ಪದರ ಎಪಿಥೀಲಿಯಲ್ (ಮೇಲ್ಮೈ ಹೊದಿಕೆಯ) ಕೋಶಗಳಿರುತ್ತವೆ. ಸಂಶೋಧನೆಗೆ ನಾವು ಬಿಡಿಸಿಕೊಳ್ಳುವುದು ಇವನ್ನೇ.

ಅಂಡ ಫಲಿತವಾದ ಸುಮಾರು 8ನೇ ದಿನಕ್ಕೆ, ಭ್ರೂಣದ ಪದರಗಳು ಬೇರೆಬೇರೆಯಾಗುವ ಮೊದಲೇ ಈ ಕೋಶಗಳು ಹುಟ್ಟುತ್ತವೆ. ಬೇರೆಬೇರೆ ಬಗೆಯ ಕೋಶಗಳಾಗಬಲ್ಲ ಕಾಂಡಕೋಶಗಳ ಗುರುತುಗಳಾದ ಆಕ್ಟ್‌4, ನಾನೊಗ್ ಇವುಗಳಲ್ಲಿವೆ ಎಂದು 2005ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ತೋಶಿಯೊ ಮಿಕಿ, ಸ್ಟೀಫನ್ ಸ್ಟ್ರಾಮ್ ಅವರ ತಂಡ ತೋರಿಸಿತು. ಆಸಕ್ತಿ ಹೆಚ್ಚಿದ್ದು ಅಲ್ಲಿಂದ.

ನಾವು ಮೊದಲೇ ದಿನ ಗೊತ್ತುಮಾಡಿದ ಸಿಸೇರಿಯನ್‌ನ ಮಾಸನ್ನೇ ಆರಿಸುತ್ತೇವೆ. ಸಹಜ ಹೆರಿಗೆಯದಾದರೆ ಬ್ಯಾಕ್ಟೀರಿಯಾ ಸೇರಿಕೊಳ್ಳುವ ಭಯ ಜಾಸ್ತಿ. ಆಮ್ನಿಯಾನ್ ಅನ್ನು ಅದಕ್ಕೆ ಅಂಟಿಕೊಂಡ ಹೊರಪೊರೆ ಕೋರಿಯಾನ್‌ನಿಂದ ಕೈಯಲ್ಲೇ ಸುಲಿಯಬಹುದು. ಅಂಚು ಹಿಡಿದು ನಿಧಾನವಾಗಿ ಎಳೆದರೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ರಕ್ತದ ಕಲೆ ಹೋಗುವವರೆಗೂ ಉಪ್ಪುದ್ರಾವಣದಲ್ಲಿ ತೊಳೆಯಬೇಕು. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಹಾಳು. ನಂತರ ಟ್ರಿಪ್ಸಿನ್, ಅಂದರೆ ಕೋಶಗಳನ್ನು ಪೊರೆಯಿಂದ ಬಿಡಿಸುವ ಕಿಣ್ವ. ಮೊದಲ ಹತ್ತು ನಿಮಿಷದ ದ್ರಾವಣವನ್ನು ಚೆಲ್ಲುತ್ತೇವೆ, ಅದರಲ್ಲಿ ಉಳಿದ ರಕ್ತಕಣ, ಸತ್ತ ಕೋಶಗಳೇ ಜಾಸ್ತಿ. ಆಮೇಲೆ 37 ಡಿಗ್ರಿಯಲ್ಲಿ ಸುಮಾರು ನಲವತ್ತು ನಿಮಿಷದಂತೆ ಎರಡು ಸಲ. ನಮಗೆ ಬೇಕಾದ ಕೋಶಗಳು ಇಲ್ಲಿ ಬರುತ್ತವೆ. ಕೆಲಸ ಚೆನ್ನಾಗಿ ನಡೆದರೆ ಒಂದು ಪೊರೆಯಿಂದ ಸುಮಾರು ಹತ್ತು ಕೋಟಿ ಕೋಶ ಸಿಗುತ್ತವೆ. ಇನ್ನೂ ಸಿಗಲಿ ಅಂತ ಪೊರೆಯನ್ನು ಕೆರೆಯಬಾರದು. ಕೆರೆದರೆ ಅಡಿಯ ಪದರದ ಮೀಸೆಂಕೈಮಲ್ (ಸಂಯೋಜಕ ಅಂಗಾಂಶದ) ಕೋಶಗಳೂ ಬೆರೆಯುತ್ತವೆ.

ಹತ್ತು ಕೋಟಿ ಇದ್ದರೂ ವಿದ್ಯಾರ್ಥಿಗಳಿಗೆ ಸಾಲುವುದಿಲ್ಲ. ಫ್ಲಾಸ್ಕಿಂದ ಫ್ಲಾಸ್ಕಿಗೆ ಬೆಳೆಸುತ್ತಲೇ ಹೋಗುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. ಶುರುವಿನಲ್ಲಿ ಕೋಶಗಳು ಕಲ್ಲುಹಾಸಿನಂತೆ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ಕೆಲವು ಪ್ಯಾಸೇಜ್ (ಒಂದು ಫ್ಲಾಸ್ಕಿಂದ ಇನ್ನೊಂದಕ್ಕೆ ಸಾಗಿಸುವ ಸುತ್ತು) ದಾಟಿದರೆ ಉದ್ದವಾಗಿ, ಚದುರಿ ಕಾಣತೊಡಗುತ್ತವೆ. ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಪ್ರೋಟೀನ್ ಇ-ಕ್ಯಾಡ್ಹೆರಿನ್ ಇಳಿಯುತ್ತದೆ, ಮೀಸೆಂಕೈಮಲ್ ಕೋಶದ ಪ್ರೋಟೀನ್ ವಿಮೆಂಟಿನ್ ಏರುತ್ತದೆ. ಕೋಶ ಮತ್ತೆ ಮತ್ತೆ ವಿಭಜಿಸಲು ನೆರವಾಗುವ ಕಿಣ್ವ ಟೆಲೊಮರೇಸ್ ಇವುಗಳಲ್ಲಿ ಇಲ್ಲ, ಹಾಗಾಗಿ ಕೊನೆಯಿಲ್ಲದೆ ಬೆಳೆಯುವುದೂ ಇಲ್ಲ. ಅಷ್ಟು ಬದಲಾದ ಕೋಶದ ಮೇಲೆ ಔಷಧ ಪರೀಕ್ಷಿಸಿ, ಇದು ಆಮ್ನಿಯಾನ್ ಕೋಶದ ಪ್ರತಿಕ್ರಿಯೆ ಎಂದು ಬರೆದರೆ ಅದು ತಪ್ಪು ಮಾಹಿತಿ ಅಲ್ವಾ? ಬೇರ್ಪಡಿಸಿದ ದಿನವೇ ಜಾಸ್ತಿ ವಯಲ್‌ಗಳಲ್ಲಿ ಫ್ರೀಜ್ ಮಾಡಿ. ಪ್ರಯೋಗವನ್ನು ಮೊದಲ ಒಂದೆರಡು ಪ್ಯಾಸೇಜಿನಲ್ಲೇ ಮುಗಿಸಿ.

ವಯಲ್ ಕೊಂಡು ತರುವವರು ಪ್ಯಾಸೇಜ್ ಸಂಖ್ಯೆ, ಗರ್ಭದ ಎಷ್ಟನೇ ವಾರದ ಮಾಸು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಮೈಕೊಪ್ಲಾಸ್ಮಾ (ಬೆಳೆಸುವ ಕೋಶಗಳಿಗೆ ತಗಲುವ ಬ್ಯಾಕ್ಟೀರಿಯಾ) ವರದಿ ಎಲ್ಲ ಕೇಳಿ ಪಡೆಯಬೇಕು. ಸೈಟೊಕೆರಾಟಿನ್ (ಎಪಿಥೀಲಿಯಲ್ ಕೋಶದ ಗುರುತು) ಇದೆ, ಸಿಡಿ90 (ಮೀಸೆಂಕೈಮಲ್ ಕೋಶದ ಗುರುತು) ತೀರಾ ಕಮ್ಮಿ ಎಂಬ ದಾಖಲೆಯಿದ್ದರೆ ಬೆರಕೆ ಕಮ್ಮಿ ಎಂದು ನಂಬಬಹುದು. ಇನ್ನೊಂದು ಮಾತು: ಒಬ್ಬ ತಾಯಿಯ ಮಾಸಿನಿಂದ ಮೂರು ಫ್ಲಾಸ್ಕ್ ಬೆಳೆಸಿ, ಮೂರು ಮಾದರಿ ಎಂದು ಎಣಿಸಬೇಡಿ. ಅದು ಒಂದೇ ಮಾದರಿ. ತಾಯಿಯಿಂದ ತಾಯಿಗೆ ಈ ಕೋಶಗಳು ನಿಜಕ್ಕೂ ಬೇರೆಯಾಗಿರುತ್ತವೆ.

ಚಿಕಿತ್ಸೆಯ ಬಗ್ಗೆ ಕೇಳುವವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ, ಅವಧಿಗೆ ಮುಂಚೆ ಹುಟ್ಟಿ ಶ್ವಾಸಕೋಶದ ತೊಂದರೆಯಿದ್ದ 6 ಮಕ್ಕಳಿಗೆ ಈ ಕೋಶ ಕೊಟ್ಟು ಸುರಕ್ಷತೆ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಆರು ಮಕ್ಕಳ ಸುರಕ್ಷತೆ ನೋಡಿದ್ದನ್ನು ಗುಣವಾಯಿತು ಎಂದು ಓದಬಾರದು. ನಮ್ಮಲ್ಲಿ ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಇಂಥ ಕೋಶಗಳನ್ನು ರೋಗಿಗೆ ಕೊಡುವಂತಿಲ್ಲ.

ತಾಯಿಯ ಒಪ್ಪಿಗೆಯನ್ನು ಆಪರೇಷನ್ ಟೇಬಲ್ ಮೇಲೆ ಸುಮ್ನೆ ಸಹಿ ಹಾಕಿಸಿ ಪಡೆಯುವುದನ್ನು ನಾನು ಒಪ್ಪುವುದಿಲ್ಲ. ತಪಾಸಣೆಗೆ ಬಂದಾಗಲೇ, ಅವರ ಭಾಷೆಯಲ್ಲಿ, ಏನು ತೆಗೆಯುತ್ತೇವೆ, ಯಾಕೆ ಎಂದು ಹೇಳಿ. ಮನೆಯವರ ಜೊತೆ ಮಾತಾಡಿ ಬನ್ನಿ ಎನ್ನಿ. ಬೇಡ ಎಂದರೆ ಅಲ್ಲಿಗೆ ಬಿಡಿ, ಕಾರಣ ಕೇಳಬೇಡಿ.