ಕಮಾಂಡೊಗಳು ಇಳಿಯುವಾಗ ಕ್ಯಾಮೆರಾ ಎಲ್ಲಿರಬೇಕು?

ಒತ್ತೆಯಾಳುಗಳನ್ನು ಬಿಡಿಸಲು ಪೊಲೀಸರು ಹೊರಟಾಗ ಅದನ್ನು ಟಿವಿಯಲ್ಲಿ ನೇರವಾಗಿ ತೋರಿಸಬಹುದೇ? ಈ ಪ್ರಶ್ನೆ ಜೋರಾಗಿ ಎದ್ದದ್ದು 1972ರ ಸೆಪ್ಟೆಂಬರ್ 5ರಂದು, ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ. ಇಸ್ರೇಲಿ ಕ್ರೀಡಾಪಟುಗಳನ್ನು ಬಂದೂಕುಧಾರಿಗಳು ಕೂಡಿಹಾಕಿದ್ದರು. ಟ್ರ್ಯಾಕ್‌ಸೂಟ್ ತೊಟ್ಟ ಪೊಲೀಸರು ಛಾವಣಿ ಹತ್ತಿದ್ದು ನೇರಪ್ರಸಾರವಾಯಿತು. ಕಟ್ಟಡದ ಒಳಗೂ ಟಿವಿ ಇತ್ತು! ಪೊಲೀಸರು ವಾಪಸಾದರು. ಆ ದಾಳಿಯಲ್ಲಿ ಒಟ್ಟು 11 ಇಸ್ರೇಲಿಗರು ಸತ್ತರು. ಟಿವಿಯೊಂದೇ ಕಾರಣವಲ್ಲ, ಪೊಲೀಸರ ತಯಾರಿಯೂ ಸಾಲದಾಗಿತ್ತು.

1988ರ ಆಗಸ್ಟ್‌ನಲ್ಲಿ ಅದೇ ಪಶ್ಚಿಮ ಜರ್ಮನಿಯಲ್ಲಿ ನಡೆದದ್ದನ್ನು ಓದಿದರೆ ಈಗಲೂ ಸಿಟ್ಟು ಬರುತ್ತದೆ. ಗ್ಲಾಡ್‌ಬೆಕ್‌ನಲ್ಲಿ ಬ್ಯಾಂಕ್ ದೋಚಿದ ಇಬ್ಬರು ಒತ್ತೆಯಾಳುಗಳ ಸಮೇತ ಊರೂರು ಸುತ್ತಿದರು. ಕಲೋನ್‌ನ ಪೇಟೆಬೀದಿಯಲ್ಲಿ ಅವರ ಕಾರು ನಿಂತಾಗ ಪತ್ರಕರ್ತರು ಮುತ್ತಿಕೊಂಡರು. ಕುತ್ತಿಗೆಗೆ ಪಿಸ್ತೂಲು ಒತ್ತಿಸಿಕೊಂಡು ಕೂತಿದ್ದ ಹುಡುಗಿಯ ಮುಂದೆ ಮೈಕ್ ಹಿಡಿದರು. ಒಬ್ಬ ಪತ್ರಕರ್ತನಂತೂ ಕಾರಿನೊಳಗೇ ಕೂತು ಹೆದ್ದಾರಿಗೆ ದಾರಿ ತೋರಿಸಿದ. ಆ ಹುಡುಗಿ ಸೇರಿ ಮೂವರು ಸತ್ತರು. ಘಟನೆ ನಡೆಯುತ್ತಿರುವಾಗ ಅಪರಾಧಿಗಳ ಸಂದರ್ಶನ ಮಾಡಬಾರದು ಎಂದು ಜರ್ಮನ್ ಪತ್ರಿಕಾ ಮಂಡಳಿ ನಿಯಮ ಮಾಡಿದ್ದು ಇದಾದ ಮೇಲೆ.

ಒಂದು ದೇಶ ಕಲಿತದ್ದು ಇನ್ನೊಂದಕ್ಕೆ ತಲುಪಲಿಲ್ಲ. 2008ರ ನವೆಂಬರ್‌ನಲ್ಲಿ ಮುಂಬೈನ ನಾರಿಮನ್ ಹೌಸ್ ಮೇಲೆ ಹೆಲಿಕಾಪ್ಟರಿನಿಂದ ಕಮಾಂಡೊಗಳು ಇಳಿದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಪಾಕಿಸ್ತಾನದಲ್ಲಿ ಕೂತವರೂ ಟಿವಿ ನೋಡುತ್ತಾ ಉಗ್ರರಿಗೆ ಫೋನಿನಲ್ಲಿ ಸೂಚನೆ ಕೊಡುತ್ತಿದ್ದರು. 2010ರಲ್ಲಿ ಮನಿಲಾದಲ್ಲಿ ಬಸ್ ಅಪಹರಿಸಿದವನು ತನ್ನ ತಮ್ಮನನ್ನು ಪೊಲೀಸರು ಎಳೆದೊಯ್ಯುವುದನ್ನು ಬಸ್ಸಿನ ಟಿವಿಯಲ್ಲೇ ಕಂಡು ಕೆರಳಿದ. ಹಾಂಗ್‌ಕಾಂಗ್‌ನ 8 ಪ್ರವಾಸಿಗರು ಸತ್ತರು.

ಜನರಿಗೆ ಸುದ್ದಿ ತಿಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಯಾಚರಣೆ ಮುಗಿದ ಮೇಲೆ ಆ ದೃಶ್ಯ ಹಾಕಿದರೆ ನೋಡುವವರಿಗೆ ಏನು ನಷ್ಟ? ನಷ್ಟ ಇರುವುದು, ಪಕ್ಕದ ಚಾನೆಲ್ ಮೊದಲು ತೋರಿಸಿಬಿಟ್ಟರೆ ಎಂದು ಹೆದರುವ ಚಾನೆಲ್ಲಿಗೆ ಮಾತ್ರ. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೀಗೇ ಹೇಳಿತು: ಚಾನೆಲ್‌ಗಳು ದೇಶದ ಹಿತಕ್ಕಲ್ಲ, ತಮ್ಮ ವ್ಯಾಪಾರಕ್ಕಾಗಿ ರಾಷ್ಟ್ರೀಯ ಭದ್ರತೆಯನ್ನೇ ಅಪಾಯಕ್ಕೆ ಒಡ್ಡಿದವು.

ಕೇಬಲ್ ಟಿವಿ ನಿಯಮ ಬದಲಾದದ್ದು 2015ರಲ್ಲಿ. ಉಗ್ರರ ವಿರುದ್ಧದ ಕಾರ್ಯಾಚರಣೆ ಮುಗಿಯುವವರೆಗೆ ನೇರಪ್ರಸಾರ ಇಲ್ಲ, ನೇಮಿಸಿದ ಅಧಿಕಾರಿ ಆಗಾಗ ಕೊಡುವ ವಿವರವಷ್ಟೇ. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇದನ್ನೇ ಮತ್ತೆ ನೆನಪಿಸಿತು. ಈ ಸಲ ಆ ಸೂಚನೆ ಚಾನೆಲ್‌ಗಳ ಜೊತೆಗೆ ಸೋಷಿಯಲ್ ಮೀಡಿಯಾ ಬಳಸುವ ಎಲ್ಲರಿಗೂ ಇತ್ತು.