ರೆನ್‌ಮಿನ್ ಎಂದರೆ ‘ಸಾರ್ವಜನಿಕರು’ ಅಲ್ಲ

ಚೀನಾದ ಸಮಕಾಲೀನ ಕಲೆಯ ಬಗ್ಗೆ ಬರೆಯುವಾಗ ‘ವೇಯ್ ರೆನ್‌ಮಿನ್ ಫೂವೂ’ (ಜನರಿಗಾಗಿ ಸೇವೆ) ಎಂಬ ಘೋಷಣೆಯನ್ನು ‘ಸಾರ್ವಜನಿಕ ಸೇವೆ’ ಎಂದು ಕನ್ನಡಿಸುವುದು ಇನ್ನಾದರೂ ನಿಲ್ಲಬೇಕು. ‘ಸೇವೆ’ ಸರಿ, ‘ಸಾರ್ವಜನಿಕ’ ತಪ್ಪು. ಈ ತಪ್ಪಿನಿಂದ ಕಲಾಕೃತಿಗಳ ಅರ್ಥವೇ ತಿರುವುಮುರುವಾಗುತ್ತದೆ.

ಇದ್ದಿಲಿನ ಗೂಡು ಕುಸಿದು ಸತ್ತ ಸೈನಿಕನೊಬ್ಬನ ಶ್ರದ್ಧಾಂಜಲಿ ಸಭೆಯಲ್ಲಿ, 1944ರ ಸೆಪ್ಟೆಂಬರ್ 8ರಂದು, ಮಾವೊ ಮಾಡಿದ ಭಾಷಣದಿಂದ ಬಂದ ಘೋಷಣೆ ಇದು.

ರೆನ್ ಎಂದರೆ ಮನುಷ್ಯ, ಮಿನ್ ಎಂದರೆ ಪ್ರಜೆ. ಎರಡೂ ಸೇರಿದರೆ ‘ಜನ’. ನಿಘಂಟು ಇಷ್ಟಕ್ಕೇ ಬಿಡುತ್ತದೆ, ರಾಜಕೀಯ ಬಿಡುವುದಿಲ್ಲ. ರೆನ್‌ಮಿನ್ ಯಾರು ಎಂದು 1949ರ ಜೂನ್ 30ರ ಲೇಖನದಲ್ಲಿ ಮಾವೊ ತಾವೇ ಕೇಳಿ ಉತ್ತರಿಸಿದ್ದಾರೆ: ಕಾರ್ಮಿಕರು, ರೈತರು, ನಗರದ ಸಣ್ಣ ಬಂಡವಾಳಿಗರು, ರಾಷ್ಟ್ರೀಯ ಬಂಡವಾಳಿಗರು. ಭೂಮಾಲೀಕರಿಗೆ ಅದರಲ್ಲಿ ಜಾಗವಿಲ್ಲ. ಈ ಪದದ ವ್ಯಾಪ್ತಿ ಕಾಲಕಾಲಕ್ಕೆ ಬದಲಾಗುತ್ತದೆ ಎಂದೂ 1957ರಲ್ಲಿ ಹೇಳಿದರು. ಯಾರು ಒಳಗೆ, ಯಾರು ಹೊರಗೆ ಎಂದು ಗೆರೆ ಎಳೆಯುವ ಕೈ ಕಮ್ಯುನಿಸ್ಟ್ ಪಕ್ಷದ್ದು.

ಆ ಗೆರೆಯನ್ನು ಮಣ್ಣಿನಲ್ಲೇ ನೋಡಬೇಕೆಂದರೆ ಸಿಚುವಾನ್‌ನ ದಾಯಿಯಲ್ಲಿರುವ ‘ಗೇಣಿ ವಸೂಲಿ ಅಂಗಳ’ ಎಂಬ ಶಿಲ್ಪಸಮೂಹವಿದೆ. 1965ರಲ್ಲಿ, ಜಮೀನ್ದಾರನೊಬ್ಬನ ಹಳೆಯ ಬಂಗಲೆಯಲ್ಲೇ, ಆಳೆತ್ತರದ 114 ಮಣ್ಣಿನ ಆಕೃತಿಗಳನ್ನು ನಿಲ್ಲಿಸಿದರು. ಒಳಗೆ ಮರದ ಚೌಕಟ್ಟು, ಮೇಲೆ ಹುಲ್ಲು ಬೆರೆಸಿದ ಮಣ್ಣು, ಕಣ್ಣಿಗೆ ಕರಿಗಾಜು. ಧಾನ್ಯ ಹೊತ್ತು ತಂದ ರೈತರು ರೆನ್‌ಮಿನ್, ಅಳೆದುಕೊಳ್ಳುವವರು ಅಲ್ಲ.

1999ರಲ್ಲಿ ಕಲಾವಿದ ತ್ಸಾಯ್ ಗುವೊಚ್ಯಾಂಗ್ ಇದನ್ನೇ ವೆನಿಸ್‌ನ ಬಿಯೆನಾಲೆ ಕಲಾಮೇಳದಲ್ಲಿ ಮತ್ತೆ ಮಾಡಿಸಿದರು. ಈ ಸಲ ಹಸಿಮಣ್ಣು ಒಣಗಿ, ಬಿರಿದು, ಉದುರುವುದೇ ಕೃತಿಯ ಭಾಗವಾಯಿತು. ಬಹುಮಾನವೂ ಬಂತು. ಮರುವರ್ಷ, ಮೂಲ ಆಕೃತಿಗಳನ್ನು ಮಾಡಿದ ಶಿಲ್ಪಿಗಳ ಸಂಸ್ಥೆಯಾದ ಸಿಚುವಾನ್ ಕಲಾ ಅಕಾಡೆಮಿ ಹಕ್ಕುಸ್ವಾಮ್ಯದ ತಕರಾರು ಎತ್ತಿತು. ರೆನ್‌ಮಿನ್‌ಗಾಗಿ ಮಾಡಿದ ಕೃತಿಗೆ ವಾರಸುದಾರನಾಗಿ ಬಂದದ್ದು ಸಂಸ್ಥೆ. ಇದೇ ತ್ಸಾಯ್ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಸಿಡಿಮದ್ದಿನ ಪ್ರದರ್ಶನ ರೂಪಿಸಿದವರು. ಆದ್ದರಿಂದ ಚೀನಾದ ಕಲಾವಿದರನ್ನು ಭಟ್ಟಂಗಿ, ಬಂಡುಕೋರ ಎಂದು ಎರಡೇ ಗುಂಪು ಮಾಡುವ ಅಭ್ಯಾಸವೂ ಕೆಲಸಕ್ಕೆ ಬಾರದ್ದು.

ರೆನ್‌ಮಿನ್‌ಗೆ ಎದುರಾಗಿ ಇಟ್ಟು ನೋಡಬೇಕಾದ ಪದ ‘ಗೊಂಗ್‌ಮಿನ್’, ಅಂದರೆ ನಾಗರಿಕ. ಗೊಂಗ್‌ಮಿನ್‌ಗೆ ಕಾನೂನಿನಲ್ಲಿ ಹಕ್ಕಿದೆ, ಪ್ರಶ್ನೆ ಕೇಳಬಹುದು. 2008ರ ಸಿಚುವಾನ್ ಭೂಕಂಪದಲ್ಲಿ ಶಾಲಾ ಕಟ್ಟಡಗಳಡಿ ಸತ್ತ ಮಕ್ಕಳ ಹೆಸರು ಹುಡುಕಲು ಕಲಾವಿದ ಐ ವೇಯ್‌ವೇಯ್ ಸ್ವಯಂಸೇವಕರನ್ನು ಕಟ್ಟಿಕೊಂಡು ಹೊರಟಾಗ ಆ ಕೆಲಸಕ್ಕೆ ಕೊಟ್ಟ ಹೆಸರು ‘ಗೊಂಗ್‌ಮಿನ್ ತನಿಖೆ’. ಮನೆಮನೆಗೆ ಹೋಗಿ 5,000ಕ್ಕೂ ಹೆಚ್ಚು ಹೆಸರು ಕೂಡಿಸಿದರು. 2009ರಲ್ಲಿ ಮ್ಯೂನಿಕ್‌ನ ಕಲಾಭವನದ ಮುಂಗೋಡೆಯ ಮೇಲೆ 9,000 ಶಾಲಾ ಬ್ಯಾಗುಗಳಿಂದ ಒಬ್ಬ ತಾಯಿಯ ಮಾತನ್ನು ಬರೆದರು: ಅವಳು ಈ ಲೋಕದಲ್ಲಿ ಏಳು ವರ್ಷ ಸಂತೋಷವಾಗಿ ಬದುಕಿದಳು. ಅದನ್ನು ‘ಜನರ ಕಲೆ’ ಎಂದು ಬರೆದರೆ, ಐ ಬೇಕೆಂದೇ ದೂರವಿಟ್ಟ ಪದವನ್ನು ಅವರ ಮೇಲೆಯೇ ಹೇರಿದಂತೆ.

ಇನ್ನು ಚೌಕ, ಉದ್ಯಾನಗಳಲ್ಲಿ ನಿಲ್ಲಿಸುವ ಕಲೆಗೆ ಚೀನಿಯರ ಪದ ‘ಗೊಂಗ್‌ಗೊಂಗ್ ಯಿಷು’. ‘ಸಾರ್ವಜನಿಕ ಕಲೆ’ ಎಂಬ ಅನುವಾದ ಸಲ್ಲುವುದು ಇದಕ್ಕೆ.